ಬಿಂಬಣ್ಣನ ಹೆಂಡತಿಯ ಮುಖ

ಬಿಂಬಣ್ಣನನ್ನು ನಾನು ಮೊದಲು ಕಂಡದ್ದು ನಮ್ಮ ಶಾಲೆಯ ದೊಡ್ಡ ಕೊಠಡಿಯಲ್ಲಿ. ಮಕ್ಕಳಿಗೆ ಚಿತ್ರ ತೋರಿಸಲು ಅವನು ಪ್ರೊಜೆಕ್ಟರನ್ನು ಹೊತ್ತುಕೊಂಡು ಬಂದಿದ್ದ. ಆ ಕೊಠಡಿಯ ಗೋಡೆಯ ಸ್ಥಿತಿ ಹೇಳತೀರದು. ನಡುವೆ ಒಂದು ಕಂಬ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು. ಎಡಕ್ಕೆ ಗಾರೆ ಉದುರಿ ಗುಂಡಿ ಬಿದ್ದಿತ್ತು. ಬಲಕ್ಕೆ ಇಟ್ಟಿಗೆ ಇಟ್ಟು ಮುಚ್ಚಿದ ಕಿಟಕಿಯ ಗೂಡು. "ಒಂದು ಬಿಳಿ ಬಟ್ಟೆ ಕಟ್ಟಿಸೋಣವೇ?" ಎಂದು ಕೇಳಿದೆ.

ಅವನು ಗೋಡೆಯನ್ನು ಹೆಣ್ಣು ನೋಡಲು ಬಂದವರಂತೆ ಮೇಲಿಂದ ಕೆಳಗೆ ನೋಡಿದ. "ಬಟ್ಟೆ ಮೇಲೆ ಚಿತ್ರ ಯಾರು ಬೇಕಾದ್ರೂ ಬಿಡ್ತಾರೆ ಮೇಷ್ಟ್ರೇ. ನೀವು ಮಕ್ಕಳನ್ನ ದೀಪದ ಸುತ್ತ ಒತ್ತಾಗಿ ಕೂರಿಸಿ, ಅಷ್ಟು ಸಾಕು. ನಮ್ಮ ಗುರುಗಳು ಹೇಳಿದ ಕ್ರಮ ಅದು" ಎಂದ. ಪ್ರೊಜೆಕ್ಟರಿಗೆ ಅವನು ದೀಪವೆಂದೇ ಹೇಳುತ್ತಿದ್ದ.

ಕಿಟಕಿಗಳನ್ನು ಮುಚ್ಚಿದೆವು. ಗೋಡೆಯ ಮೇಲೆ ಒಂದು ಹಡಗು ಮೂಡಿತು. ಕಂಬದ ಮೇಲೆ ಬಿದ್ದ ಭಾಗ ಸ್ಪಷ್ಟ, ಗೂಡಿನೊಳಗೆ ಬಿದ್ದ ಭಾಗ ಮಂಜು ಮಂಜು. ಅವನು ಜೇಬಿನಿಂದ ತೂತು ಕೊರೆದ ತಗಡಿನ ಬಿಲ್ಲೆಯೊಂದನ್ನು ತೆಗೆದು ಮಸೂರದ ಮುಂದೆ ಸಿಕ್ಕಿಸಿದ. ಬೆಳಕು ಕಡಿಮೆಯಾಯಿತು, ಆದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸೂಜಿಮೊನೆಯಂತೆ ನಿಂತವು. ಹಾಯಿಯ ಹಗ್ಗಗಳನ್ನು ಎಣಿಸಬಹುದಾಗಿತ್ತು. ಒಬ್ಬ ಹುಡುಗಿ ಮೆಲ್ಲಗೆ, "ಸಾರ್, ಕಂಬ ಎಲ್ಲಿ ಹೋಯ್ತು?" ಎಂದಳು.

ನಾನು ಮನಸಾರೆ ಹೊಗಳಿದೆ. ಅವನು ನಗಲಿಲ್ಲ. "ಈ ಮಾತು ನಮ್ಮ ಷಡ್ಡಕನ ಕಿವಿಗೆ ಬೀಳಬೇಕಿತ್ತು" ಎಂದು ದೀಪವನ್ನು ಪೆಟ್ಟಿಗೆಗೆ ಸೇರಿಸಿದ.

ಆಮೇಲೆ ನಮ್ಮ ಸ್ನೇಹ ಬೆಳೆಯಿತು. ಅವನ ಬಾಯಿಂದಲೂ ಅವನ ಮನೆಯವರ ಬಾಯಿಂದಲೂ ಕೇಳಿದ್ದನ್ನು ಕೂಡಿಸಿ ಇಲ್ಲಿ ಹೇಳುತ್ತಿದ್ದೇನೆ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಪ್ಲಾಸ್ಟರಿನಲ್ಲಿ ಬೊಂಬೆ ಮಾಡುವುದು ಅವನ ಕಸುಬು. ಬಟ್ಟೆ ಅಂಗಡಿಗಳ ಗಾಜಿನೊಳಗೆ ನಿಲ್ಲುವ ಹೆಂಗಸರು, ವೈದ್ಯ ವಿದ್ಯಾರ್ಥಿಗಳು ಬಿಚ್ಚಿ ಜೋಡಿಸುವ ಹೃದಯ, ಉದ್ಯಾನದ ಹುಲ್ಲಿನ ಮೇಲಿನ ಜಿಂಕೆ, ಎಲ್ಲವೂ ಅವನ ಕೈಯವೇ. ಮಾವನ ಮನೆಯ ನಡುಮನೆಯಲ್ಲಿ ಅವನು ಮಾಡಿಕೊಟ್ಟ ಕುದುರೆಯೊಂದಿತ್ತು. ಮಾವ ಎದ್ದಾಗ ಕೂತಾಗ ಅದರ ಬೆನ್ನು ಸವರುವರು. ಬಂದವರಿಗೆಲ್ಲ, "ನಮ್ಮ ಚಿಕ್ಕಳಿಯ ಮಾಡಿದ್ದು" ಎನ್ನುವರು. ದೊಡ್ಡಳಿಯ ಬಿಂಬಣ್ಣ ಆ ಕುದುರೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದ.

ಒಮ್ಮೆ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮಾವ ಹೇಳಿದರು: "ದೊಡ್ಡಳಿಯಂದಿರ ಕೆಲಸವೂ ಚೆನ್ನಾಗೇ ಇರುತ್ತಪ್ಪ, ಇಲ್ಲ ಅನ್ನಲ್ಲ. ಆದ್ರೆ ದೀಪ ಆರಿಸಿದ ಮೇಲೆ ಅದು ಎಲ್ಲಿರುತ್ತೆ?"

ಎಲ್ಲರೂ ನಕ್ಕರು. ಷಡ್ಡಕ ತಲೆ ಎತ್ತದೆ ನಕ್ಕ. ತಲೆ ಎತ್ತಿ ನಕ್ಕಿದ್ದರೆ ಬಿಂಬಣ್ಣ ಮರೆಯುತ್ತಿದ್ದನೋ ಏನೋ. ಆ ಬಗ್ಗಿದ ತಲೆಯ ನಗು ಅವನ ಹೊಟ್ಟೆಯಲ್ಲಿ ಕಿಡಿಯಾಗಿ ಕೂತಿತು. ಅಂದಿನಿಂದ ಬಟ್ಟೆ ಅಂಗಡಿಯ ಗಾಜು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಯಾವುದಾದರೂ ಬೊಂಬೆಯ ಬೆರಳು ಮುರಿದಿದ್ದು ಕಣ್ಣಿಗೆ ಬಿದ್ದರೆ ಅವನಿಗೆ ದಿನವೆಲ್ಲ ಲವಲವಿಕೆ. ಹೆಂಡತಿಗೆ ಇದು ತಿಳಿಯದ ಸಂಗತಿಯಲ್ಲ. "ಇವತ್ತು ಬಹಳ ಖುಷಿಯಾಗಿದ್ದೀರಿ. ಯಾರ ಕೈ ಮುರೀತು?" ಎಂದು ಕೇಳುತ್ತಿದ್ದಳು.

ಆಕೆ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದಳು. ಗಾಜಿನ ಗೂಡಿಗೆ ಒಳಗಿಂದ ಪರದೆ ಇತ್ತು. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿರಲಿಲ್ಲ. ತರಕಾರಿಯವನ ಹತ್ತಿರ ಅವಳು ಬಾಯಿ ಬಿಟ್ಟರೆ ಸುತ್ತ ನಿಂತವರು ಬಸ್ಸು ಬಂತೇನೋ ಎಂದು ತಿರುಗಿ ನೋಡುತ್ತಿದ್ದರು.

ಹೀಗಿರುವಾಗ ಊರಿನ ಹಳೆಯ ಟೆಲಿಫೋನ್ ಕಚೇರಿಯನ್ನು ವಸ್ತುಸಂಗ್ರಹಾಲಯ ಮಾಡಿದರು. ಹಿಂದಿನ ಕಾಲದಲ್ಲಿ ಕರೆಗಳನ್ನು ಕೈಯಿಂದ ಜೋಡಿಸಿ ಕೊಡುತ್ತಿದ್ದ ದೊಡ್ಡ ಹಲಗೆಯೊಂದು ಅಲ್ಲಿ ಉಳಿದಿತ್ತು. ಅದರ ಮುಂದೆ ಪ್ಲಾಸ್ಟರಿನ ಹೆಂಗಸೊಬ್ಬಳನ್ನು ಕೂರಿಸಬೇಕು, ಅವಳ ಬೋಳು ಮುಖದ ಮೇಲೆ ನಿಜವಾದ ಮುಖದ ಚಲಿಸುವ ಚಿತ್ರ ಬೀಳಬೇಕು, ಬೊಂಬೆ ಕಣ್ಣು ಮಿಟುಕಿಸಿ ತನ್ನ ಕಥೆ ಹೇಳಬೇಕು. ಇದು ಸಂಗ್ರಹಾಲಯದ ಮೇಲ್ವಿಚಾರಕಿಯ ಆಸೆ. ಬೊಂಬೆಯನ್ನು ಷಡ್ಡಕನಿಗೆ ವಹಿಸಿದರು, ಬೆಳಕನ್ನು ಬಿಂಬಣ್ಣನಿಗೆ. ಒಂದೇ ಮನೆಯ ಅಳಿಯಂದಿರು, ಕೂತು ಮಾತಾಡಿಕೊಳ್ಳುತ್ತಾರೆ ಎಂದು ಆ ಪುಣ್ಯಾತ್ಗಿತ್ತಿ ನೆಮ್ಮದಿಯಾಗಿದ್ದರು.

ಬಿಂಬಣ್ಣ ಆ ದಿನವೇ ಮನಸ್ಸಿನಲ್ಲಿ ನಿಶ್ಚಯಿಸಿದ: ಬೀಳುವ ಮುಖ ತನ್ನ ಹೆಂಡತಿಯದು. ಊರು ಅವಳ ಮುಖ ನೋಡಲಿ. ತನ್ನ ಕೆಲಸವೂ ಒಂದು ಜಾಗದಲ್ಲಿ ಕುದುರೆಯಂತೆ ನಿಲ್ಲಲಿ. ಬೆಳಗ್ಗೆ ಬಂದವರಿಗೂ ಕಾಣಲಿ, ಸಂಜೆ ಬಂದವರಿಗೂ ಕಾಣಲಿ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಯಾರ ಮುಖವನ್ನು ಚಿತ್ರ ತೆಗೆಯುತ್ತೇವೋ ಬೊಂಬೆಯ ತಲೆಯನ್ನೂ ಅವರ ಮುಖದ ಅಚ್ಚಿನಿಂದಲೇ ಎರಕ ಹೊಯ್ಯಬೇಕು. ಆಗ ಮೂಗಿನ ಮೇಲೆ ಮೂಗು, ತುಟಿಯ ಮೇಲೆ ತುಟಿ ಬೀಳುತ್ತದೆ. ಷಡ್ಡಕನಿಗೆ ಇದು ಗೊತ್ತಿತ್ತು. ಅಕ್ಕತಂಗಿಯರ ಮೂಲಕ ಹೇಳಿ ಕಳಿಸಿದ.

"ನೀವು ನಾಳೆ ಅವರ ಬೊಂಬೆ ಶೆಡ್ಡಿಗೆ ಬರಬೇಕಂತೆ" ಎಂದಳು ಹೆಂಡತಿ. "ಯಾರ ಮುಖ ಅಂತ ಮಾತಾಡ್ಕೊಂಡು, ಅಣ್ಣ ಅಳತೆ ತಗೊಂಡು ಹೋಗ್ಲಿ ಅಂದರಂತೆ."

"ಅವನ ಬಾಗಿಲಿಗೆ ನಾನು ಹೋಗ್ಬೇಕಾ? ಬೇಕಾದ್ರೆ ಅವನೇ ಬರ್ಲಿ."

"ಅವರು ಬಂದ್ರೆ ಬುರುಡೆ ಹೊತ್ಕೊಂಡು ಬರ್ಬೇಕಾಗುತ್ತೆ."

"ಬರ್ಲಿ. ಬುರುಡೆ ಬಿಡೋದು ಅವನಿಗೆ ಹೊಸದೇನಲ್ಲ. ನನ್ನ ಬೆಳಕಿಗೆ ಅವನ ಅಳತೆ ಬೇಕಾಗಿಲ್ಲ. ಇನ್ನು ಈ ವಿಷಯ ಮನೇಲಿ ಎತ್ತಬೇಡ."

ಅವಳು ಎತ್ತಲಿಲ್ಲ. ಷಡ್ಡಕ ಕಾದ. ಮತ್ತೊಮ್ಮೆ ಹೇಳಿ ಕಳಿಸಿದ. ಕೊನೆಗೆ ಸಂಗ್ರಹಾಲಯದವರು ಅವಸರ ಮಾಡಿದಾಗ ತನ್ನ ಹೆಂಡತಿಯನ್ನೇ ಬೆಂಚಿನ ಮೇಲೆ ಮಲಗಿಸಿ ಅಚ್ಚು ತೆಗೆದ. ಅಕ್ಕತಂಗಿಯರು ನೋಡಲು ಒಂದೇ ಥರ. ದೂರದಿಂದ ನೆಂಟರೇ ಮೋಸ ಹೋಗುತ್ತಿದ್ದರು. ಆದರೆ ತಂಗಿಯದು ದುಂಡು ಮುಖ, ಎತ್ತರದ ಗಲ್ಲ. ಅಕ್ಕನದು ಉದ್ದ ಮುಖ.

ಇತ್ತ ಬಿಂಬಣ್ಣ ತನ್ನ ಮನೆಯ ಕೋಣೆಯಲ್ಲಿ ಹೆಂಡತಿಯ ತಲೆಯನ್ನು ಕುರ್ಚಿಯ ಹಲಗೆಗೆ ಪಟ್ಟಿ ಹಾಕಿ ಬಿಗಿದು, ಅಲ್ಲಾಡಬೇಡವೆಂದು ಹೇಳಿ, ಮುಂದೆ ದೀಪ ಕೂರಬೇಕಾದ ಎತ್ತರ ಮತ್ತು ಓರೆಯಿಂದಲೇ ಚಿತ್ರ ತೆಗೆಯುತ್ತಿದ್ದ. ತುಟಿ, ಕಣ್ಣು ಬಿಟ್ಟು ಮತ್ತೇನೂ ಕದಲಬಾರದು.

"ನಗು ಬಂದ್ರೆ?"

"ಕಣ್ಣಲ್ಲೇ ನಗು."

"ಸೀನು ಬಂದ್ರೆ?"

"ಅದನ್ನೂ ಕಣ್ಣಲ್ಲೇ ಸೀನು. ಹೇಳು, ನಮಸ್ಕಾರ, ಯಾವ ನಂಬರು ಬೇಕು."

ಅವಳು ಹೇಳಿದಳು. ಆ ದನಿಗೆ ತಕ್ಕ ಮುಖ ಅದೇ ಎಂದು ಅವನಿಗೆ ಅನ್ನಿಸಿತು. ಷಡ್ಡಕನ ಹೆಂಡತಿಗೆ ಇಂಥ ಮುಖವಿಲ್ಲ ಎಂದೂ ಅನ್ನಿಸಿತು. ಎರಡೂ ಯೋಚನೆಗಳು ಒಟ್ಟಿಗೇ ಬಂದವು.

ಒಂದು ಮಧ್ಯಾಹ್ನ ಸಂಗ್ರಹಾಲಯದ ಬಾಗಿಲು ಮುಚ್ಚಿ ಎಲ್ಲರೂ ಸೇರಿದರು. ದೀಪವನ್ನು ನೋಡುವವರಿಗೆ ಕಾಣದಂತೆ ಬಲಗಡೆ ಮೇಲೆ, ತೊಲೆಗೆ ಹೊಡೆದ ಪೆಟ್ಟಿಗೆಯಲ್ಲಿ ಇಡಬೇಕಾಗಿತ್ತು. ಅದಿನ್ನೂ ಭದ್ರವಾಗಿ ಕೂತಿರಲಿಲ್ಲ. ಬಿಂಬಣ್ಣ ಏಣಿಯ ಮೇಲೆ ನಿಂತು, ದೀಪವನ್ನು ತಬ್ಬಿ ಹಿಡಿದು, ಮಸೂರದ ಪಕ್ಕಕ್ಕೆ ಕಣ್ಣಿಟ್ಟ. ಕೆಳಗೆ, ಜನ ನಿಲ್ಲಬೇಕಾದ ಹಗ್ಗದ ಹತ್ತಿರ, ಮೇಲ್ವಿಚಾರಕಿ, ಷಡ್ಡಕ, ಅಕ್ಕ, ತಂಗಿ.

ಬೆಳಕು ಬಿತ್ತು. ಮೂಗು ಸ್ಪಷ್ಟ, ಕಿವಿಯ ಕಡೆ ಮಂಜು. ಬಿಲ್ಲೆ ಸಿಕ್ಕಿಸಿದ. ಮೂಗಿನ ತುದಿಯಿಂದ ಕಿವಿಯ ಹಾಲೆಯವರೆಗೆ ಎಲ್ಲ ಒಂದೇ ಸಮ ತಿಳಿಯಾಯಿತು. ಹಲಗೆಯ ಮುಂದೆ ಅವನ ಹೆಂಡತಿ ಕೂತಿದ್ದಳು. ರೆಪ್ಪೆ ಬಡಿದಳು. "ನಮಸ್ಕಾರ, ಯಾವ ನಂಬರು ಬೇಕು?" ಎಂದಳು. ಬಿಂಬಣ್ಣ ಕೆಳಗಿನಿಂದ ಒಂದು ಒಳ್ಳೆಯ ಮಾತು ಬರುವುದನ್ನು ಕಾದ.

ನಾದಿನಿ ಕಿಸಕ್ಕನೆ ನಕ್ಕಳು. ಅವಳ ಹಿಂದೆಯೇ ಅವನ ಹೆಂಡತಿಯ ದನಿ: "ಇದು ನಮ್ಮ ಸೋದರತ್ತೆ ಅಲ್ವೇನೆ?"

ಆ ಸೋದರತ್ತೆ ಅಕ್ಕತಂಗಿಯರ ಚಿಕ್ಕಂದಿನಲ್ಲಿ ಅವರ ಮನೆಯಲ್ಲಿದ್ದು, ಇಬ್ಬರನ್ನೂ ಬೈದು ಬೆಳೆಸಿದವಳು. ಬಾಯಿ ಒಂದು ಪಕ್ಕಕ್ಕೆ, ಒಂದು ಕಣ್ಣು ಯಾವಾಗಲೂ ಬೇರೆಯವರ ತಟ್ಟೆಯ ಕಡೆಗೆ.

"ಏನು ಹುಡುಗಾಟ?" ಎಂದ ಬಿಂಬಣ್ಣ ಮೇಲಿನಿಂದ.

"ಅಣ್ಣ, ಬಾಯಿ ಗಲ್ಲದ ಮೇಲೆ ಇಳಿದಿದೆ" ಎಂದ ಷಡ್ಡಕ. "ಬೊಂಬೆ ತುಟಿ ಮುಚ್ಚಿಕೊಂಡು ಮೇಲೇ ಉಳಿದಿದೆ. ಒಟ್ಟು ನಾಲ್ಕು ತುಟಿ."

"ಬಾಯಿ ಇಳಿದಿಲ್ಲ. ನಿನ್ನ ಗಲ್ಲ ಏರಿರ್ಬೇಕು."

"ಎಡಗಣ್ಣು ಮೂಗಿನ ಇಳಿಜಾರಿಗೆ ಜಾರಿದೆ."

"ನನಗೆ ಕೂದಲೆಳೆಯಷ್ಟೂ ಸೊಟ್ಟ ಕಾಣ್ತಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹೆಂಡತಿ ತಂಗಿಗೆ ಹೇಳಿದ್ದು ಏಣಿಯವರೆಗೂ ಕೇಳಿಸಿತು. ಬಸ್ ನಿಲ್ದಾಣದ ದನಿ, ಎಷ್ಟು ತಗ್ಗಿಸಿದರೂ ತಗ್ಗದು.

ಮೇಲ್ವಿಚಾರಕಿ, "ಒಮ್ಮೆ ಇಳಿದು ಬಂದು ನೋಡಿ" ಎಂದರು. ಕೈ ಬಿಟ್ಟರೆ ದೀಪ ಮುಗ್ಗರಿಸುವಂತಿತ್ತು. ಅದಕ್ಕಿಂತ ಹೆಚ್ಚಾಗಿ, ಇಳಿದು ನೋಡುವುದೆಂದರೆ ತನ್ನ ಕಣ್ಣನ್ನು ತಾನೇ ಅನುಮಾನಿಸಿದಂತೆ. ಇಳಿಯಲಿಲ್ಲ. ಆಗ ಷಡ್ಡಕ ಬಾಯಿ ಬಿಟ್ಟ: "ತಲೆ ನಮ್ಮವಳದು ಅಣ್ಣ. ಹೇಳಿ ಕಳಿಸಿದೆ, ನೀವು ಬರ್ಲಿಲ್ಲ."

"ಹಾಗಾದ್ರೆ ಸುಲಭವಾಯ್ತಲ್ಲ" ಎಂದರು ಮೇಲ್ವಿಚಾರಕಿ. "ಇವರನ್ನೇ ಕೂರಿಸಿ ಮತ್ತೆ ಚಿತ್ರ ತೆಗೆದುಬಿಡಿ. ವಾರದ ಕೊನೆಗೆ ಬಾಗಿಲು ತೆರೀಬೇಕು."

ಅವರ ಪಾಲಿಗೆ ಅದು ಒಂದು ಗಂಟೆಯ ಕೆಲಸ. ಬಿಂಬಣ್ಣನಿಗೆ ಹೊಟ್ಟೆಯ ಕಿಡಿ ಧಗ್ಗೆಂದಿತು. ಎಲ್ಲವೂ ಅವನಿಗೆ ಈಗ ಅರ್ಥವಾಯಿತು. ಮೊದಲಿನಿಂದಲೂ ಇದೇ ಉಪಾಯ. ಕುದುರೆ ಸಾಲದೆಂದು ಷಡ್ಡಕ ಈಗ ಊರ ನಡುವೆ ತನ್ನ ಹೆಂಡತಿಯನ್ನು ಕೂರಿಸಲು ಹೊರಟಿದ್ದಾನೆ. ಉಳಿದವರೆಲ್ಲ ಅವನ ತಾಳಕ್ಕೆ ಕುಣಿಯುತ್ತಿದ್ದಾರೆ. ನೆಟ್ಟಗಿರುವ ಮುಖವನ್ನು ಸೊಟ್ಟ ಎನ್ನುತ್ತಿದ್ದಾರೆ. ತನ್ನ ಹೆಂಡತಿಯೂ ಸೇರಿ. ದೀಪವನ್ನು ಪೆಟ್ಟಿಗೆಗೆ ಹಗ್ಗದಿಂದ ಬಿಗಿದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ಊಟಕ್ಕೆ ಕರೆದರೆ ಹಸಿವಿಲ್ಲವೆಂದ. ಹೆಂಡತಿ ತಾನು ಉಂಡು, ತಟ್ಟೆ ತೊಳೆದಿಟ್ಟು ಬಂದು ಕೂತಳು.

"ನೀವು ಯಾವತ್ತಾದ್ರೂ ಜನ ಕೂರೋ ಜಾಗದಲ್ಲಿ ಕೂತು ನಿಮ್ಮ ಚಿತ್ರ ನೋಡಿದ್ದೀರಾ?"

"ನಾನು ಕೂತ್ರೆ ದೀಪ ಯಾರು ಹಿಡಿಯೋದು?"

"ಅದೇ ನಾನು ಕೇಳಿದ್ದು" ಎಂದು ಅವಳು ಒಗೆದ ಬಟ್ಟೆ ಮಡಿಸತೊಡಗಿದಳು.

ಮರುದಿನ ಅವನು ಸಂಗ್ರಹಾಲಯಕ್ಕೆ ಹೋದಾಗ ಷಡ್ಡಕ ಒಬ್ಬನೇ ನೆಲದ ಮೇಲೆ ಕೂತು ಬೊಂಬೆಯ ಬೆರಳಿನ ಬಿರುಕಿಗೆ ಮೆತ್ತುತ್ತಿದ್ದ. ಅದನ್ನು ಕಂಡು ಖುಷಿಪಡಬೇಕೆಂದೂ ಬಿಂಬಣ್ಣನಿಗೆ ನೆನಪಾಗಲಿಲ್ಲ. "ಸ್ವಲ್ಪ ಮೇಲೆ ಹತ್ತಿ ದೀಪ ಹಿಡ್ಕೊ" ಎಂದ. ಮದುವೆಯಾದ ಮೇಲೆ ಅವನು ಷಡ್ಡಕನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಷಡ್ಡಕ ಕೈ ಒರೆಸಿಕೊಂಡು ಹತ್ತಿದ. ಬಿಂಬಣ್ಣ ಹಗ್ಗದ ಬಳಿ ನಿಂತ.

ಸೋದರತ್ತೆ ಅವನನ್ನು ದುರುಗುಟ್ಟಿ ನೋಡಿದಳು. ಒಂದು ಕಣ್ಣು ಮೂಗಿನ ಇಳಿಜಾರಿನಲ್ಲಿತ್ತು. ಮುಚ್ಚಿದ ಬಿಳಿ ತುಟಿಗಳ ಕೆಳಗೆ ಇನ್ನೆರಡು ತುಟಿಗಳು ತೆರೆದು, ಅವನ ಹೆಂಡತಿಯ ದನಿಯಲ್ಲಿ, ಯಾವ ನಂಬರು ಬೇಕೆಂದು ಕೇಳಿದವು.

ಮೇಲಿನಿಂದ ಷಡ್ಡಕ ಹೇಳಿದ: "ಅರೆ, ಇಲ್ಲಿಂದ ಅತ್ತಿಗೆ ಮುಖ ಕಡೆದಿಟ್ಟ ಹಾಗಿದೆ ಅಣ್ಣ. ಏನೂ ತಪ್ಪೇ ಇಲ್ಲ. ಕೆಳಗಿದ್ದವರೇ ನಾವು ತಪ್ಪು ನೋಡಿದ್ವಾ?"

ಬಿಂಬಣ್ಣನಿಗೆ ಆಗ ಹೊಳೆಯಿತು. ಬೆಳಕು ಹೋಗುವ ದಾರಿಯಲ್ಲೇ ಕಣ್ಣೂ ಹೋದರೆ ಏರುತಗ್ಗು ಕಾಣುವುದಿಲ್ಲ. ಚಿತ್ರ ಎಂಥ ಗುಂಡಿಯಲ್ಲಿ ಬಿದ್ದರೂ ನೆಟ್ಟಗೇ ಕಾಣುತ್ತದೆ. ಪಕ್ಕಕ್ಕೆ ಸರಿದವನಿಗೇ ಅದು ಮುರಿದು ಕಾಣುವುದು. ಮಕ್ಕಳನ್ನು ದೀಪದ ಸುತ್ತ ಒತ್ತಾಗಿ ಕೂರಿಸಬೇಕೆಂದು ಗುರುಗಳು ಹೇಳಿದ್ದು ಇದಕ್ಕೇ. ಏಕೆಂದು ಅವರು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇಷ್ಟು ವರ್ಷ ಊರೂರು ತಿರುಗಿ ಎಲ್ಲ ಗೋಡೆಗಳಲ್ಲೂ ಗೆದ್ದವನು ಒಂದು ದಿನವೂ ದೀಪದಿಂದ ದೂರ ನಿಂತಿರಲಿಲ್ಲ.

ಇದನ್ನು ಷಡ್ಡಕನಿಗೆ ಹೇಳಬಹುದಾಗಿತ್ತು. "ಇಳಿ, ಸಾಕು" ಎಂದಷ್ಟೇ ಹೇಳಿದ.

ನಾದಿನಿಯ ಮುಖವನ್ನೇ ಚಿತ್ರ ತೆಗೆಯುವುದೆಂದು ತೀರ್ಮಾನಿಸಿ ಮನೆಗೆ ಬಂದ. ಆ ಮಾತನ್ನು ಹೆಂಡತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಬಂದರೆ ಮನೆಗೆ ಬೀಗ. ಎದುರುಮನೆಯಾಕೆ, "ತಂಗಿ ಮನೆಗೆ ಹೋಗ್ತೀನಿ ಅಂದ್ರು" ಎಂದಳು.

ಅಲ್ಲಿಗೆ ಹೋದರೆ, ಷಡ್ಡಕನ ಶೆಡ್ಡಿನ ಬಾಗಿಲಲ್ಲಿ ಅವನ ಕಾಲುಗಳು ನಿಂತಲ್ಲೇ ನಿಂತವು. ಹೆಂಡತಿ ಬೆಂಚಿನ ಮೇಲೆ ಅಂಗಾತ ಮಲಗಿದ್ದಳು. ತಲೆಗೆ ಬಟ್ಟೆ ಬಿಗಿದಿತ್ತು. ಮುಖವೆಲ್ಲ ಒದ್ದೆ ಪ್ಲಾಸ್ಟರು; ಮೂಗಿನ ಹೊಳ್ಳೆಗಳಿಂದ ಎರಡು ಕೊಳವೆಗಳು ಹೊರಗೆ ಬಂದಿದ್ದವು. ನಾದಿನಿ ಅವಳ ಕೈ ಹಿಡಿದು ಕೂತಿದ್ದಳು. ಷಡ್ಡಕ, ಬಿಂಬಣ್ಣನಿಗಿಂತ ಮೊದಲೇ ಒಳದಾರಿಯಲ್ಲಿ ಬಂದಿದ್ದವನು, ಬಗ್ಗಿ ಅವಳ ಹಣೆಯ ಅಂಚನ್ನು ಬೆರಳಿನಿಂದ ಒತ್ತುತ್ತಿದ್ದ.

ಬಿಂಬಣ್ಣ ಬಾಯಿ ತೆರೆದ. ಷಡ್ಡಕ ತಿರುಗದೆಯೇ ಕೈ ಎತ್ತಿದ. "ಅಣ್ಣ, ಈಗ ಏನೂ ಅನ್ನಬೇಡಿ. ಅತ್ತಿಗೆ ನಕ್ಕರೂ ಕೆಡುತ್ತೆ, ಸಿಟ್ಟಾದರೂ ಕೆಡುತ್ತೆ."

ಬೆಂಚಿನ ಮೇಲಿಂದ ಒಂದು ಬೆರಳು ಎದ್ದು ಮೂಲೆಯ ಕುರ್ಚಿಯನ್ನು ತೋರಿಸಿತು. ಅವನು ಹೋಗಿ ಕೂತ. ತನ್ನ ಹೆಂಡತಿಯ ಮುಖದ ಮೇಲೆ ಇನ್ನೊಬ್ಬನ ಕೈ; ಪ್ಲಾಸ್ಟರು ಗಟ್ಟಿಯಾಗುವವರೆಗೆ ತಾನು ಉಸಿರೆತ್ತುವಂತಿಲ್ಲ. ಒಳಗೆ ಬೆಂಕಿ, ಹೊರಗೆ ಬೊಂಬೆ. ಸುತ್ತ ಕಪಾಟುಗಳಲ್ಲಿ ಕೈಗಳೂ ಕಾಲುಗಳೂ ಜೋಡಿಸಿಟ್ಟಿದ್ದವು. ಅವುಗಳಲ್ಲಿ ಒಂದಾಗಿ ಕೂತಿದ್ದೆ ಎಂದು ಆಮೇಲೆ ಅವನೇ ನನ್ನೊಡನೆ ಹೇಳಿಕೊಂಡ.

ಅಚ್ಚು ಬಿಟ್ಟುಕೊಂಡ ಮೇಲೆ ಅವಳು ಎದ್ದು ಕೆನ್ನೆ ಉಜ್ಜಿಕೊಂಡಳು. "ನೀವು ಈ ಬಾಗಿಲಿಗೆ ಬರಲ್ಲ ಅಂದ್ರಿ. ನಾನು ಬಂದೆ. ನಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬರು ಬರ್ಬೇಕಿತ್ತಲ್ಲ" ಎಂದಳು.

ಎರಕ ಮುಗಿದ ತಲೆಯನ್ನು ಷಡ್ಡಕ ಮಾರನೆಯ ಬೆಳಗ್ಗೆ ಕಿಟಕಿಯ ಬೆಳಕಿಗೆ ಇಟ್ಟ. ಅವಳದೇ ಮುಖ, ಕಣ್ಣು ಮುಚ್ಚಿ, ಹಾಲಿನ ಬಿಳುಪು. ಬಿಂಬಣ್ಣ ಹತ್ತಿರ ಹೋಗಿ ನೋಡಿದ. ಕೆಳತುಟಿಯ ಅಡಿಯಲ್ಲಿ ಎಡಕ್ಕೆ ಒಂದು ಸಣ್ಣ ತಗ್ಗಿತ್ತು, ಹೆಸರುಕಾಳು ಒತ್ತಿ ತೆಗೆದಂತೆ.

"ಇಲ್ಲಿ ನಿನ್ನ ಬೆರಳು ತಗುಲಿದೆ" ಎಂದ, ತಪ್ಪು ಸಿಕ್ಕಿದ ಸಂತೋಷದಲ್ಲಿ.

"ಇಲ್ಲ ಅಣ್ಣ. ಅದು ಅತ್ತಿಗೆಗೆ ಇರೋದೇ. ಮೊದಲಿಂದಲೂ ಇದೆ."

ಆ 'ಮೊದಲಿಂದಲೂ' ಎಂಬ ಮಾತು ಮಾವನ ಊಟದ ಹೊತ್ತಿನ ಮಾತಿಗಿಂತ ಆಳಕ್ಕೆ ನಾಟಿತು. ದೀಪದ ಪಕ್ಕದಿಂದ ನೇರವಾಗಿ ಬೆಳಕು ಬಿಟ್ಟು ನೋಡುವವನಿಗೆ ತಗ್ಗಿನ ನೆರಳು ಎಲ್ಲಿ ಕಾಣಬೇಕು? ಆದರೆ ಮನೆಯಲ್ಲಿ ಅವನೇನು ದೀಪ ಹಿಡಿದು ಕೂತಿರಲಿಲ್ಲವಲ್ಲ. ಇಷ್ಟು ವರ್ಷ ಎದುರು ಕೂತು ಉಂಡ ಮುಖ. ಒಂದು ಮಧ್ಯಾಹ್ನದಲ್ಲಿ ಷಡ್ಡಕನಿಗೆ ಗೊತ್ತಾದದ್ದು ತನಗೆ ಗೊತ್ತಿರಲಿಲ್ಲ. ಅಂದು ಸಂಜೆ ಅವಳು ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದಾಗ ಅತ್ತಿಂದ ನೋಡಿದ, ಇತ್ತಿಂದ ನೋಡಿದ. ತಗ್ಗು ಅಲ್ಲೇ ಇತ್ತು.

"ಏನ್ರೀ ಅದು, ಕಳೆದುಹೋದ ಕೊಡೆ ಹುಡುಕೋರ ಥರ?"

"ಏನಿಲ್ಲ" ಎಂದ.

ಹೊಸ ತಲೆಯ ಮೇಲೆ ಮುಖ ಕೈಗವಸಿನಂತೆ ಕೂತಿತು. ಈ ಸಲ ಬಿಂಬಣ್ಣ ಏಣಿಯ ಮೇಲಿಂದ ತೀರ್ಪು ಕೊಡಲಿಲ್ಲ. ಹೆಂಡತಿಯನ್ನು ಹಗ್ಗದ ಬಳಿ ನಿಲ್ಲಿಸಿ, ಅವಳು ಸರಿ ಎಂದ ಮೇಲೆಯೇ ಮೊಳೆ ಹೊಡೆದ. ಬಾಗಿಲು ತೆರೆದ ದಿನ ಜನ ನುಗ್ಗಿದರು. "ಬಸ್ಸಿನ ಅಮ್ಮ ಇವರೇನಾ?" ಎಂದು ಪಿಸುಗುಟ್ಟಿದರು. ಮಾವನೂ ಬಂದು ಹಗ್ಗಕ್ಕೆ ಒರಗಿ ಬಹಳ ಹೊತ್ತು ನೋಡಿದರು. ಕೊನೆಗೆ, "ಇದರಲ್ಲಿ ಎಲ್ಲಿವರೆಗೆ ಬೊಂಬೆ, ಎಲ್ಲಿಂದ ಬೆಳಕು ಅಂತ ತಿಳೀತಿಲ್ಲವಲ್ಲಪ್ಪ" ಎಂದರು. ಇಬ್ಬರು ಅಳಿಯಂದಿರಿಗೂ ಆ ಮಾತು ಹಿಡಿಸಲಿಲ್ಲ.

ಈಗ ಬಿಂಬಣ್ಣ ಊರೂರು ತಿರುಗುವುದನ್ನು ಬಿಟ್ಟಿದ್ದಾನೆ. ಹೆಂಡತಿಗೆ ನಿವೃತ್ತಿಯಾಗಿದೆ. ಸಂಗ್ರಹಾಲಯದ ಬೊಂಬೆ ಹೆಂಗಸು ಇಂದಿಗೂ ಮಾತಾಡುತ್ತಾಳೆ. ಅವಳ ಮುಖಕ್ಕೆ ಕೂತ ಧೂಳನ್ನು ಮೆತ್ತನೆಯ ಕುಂಚದಿಂದ ಒರೆಸುವ ಕೆಲಸವನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ, ಷಡ್ಡಕನಿಗಂತೂ ಇಲ್ಲವೇ ಇಲ್ಲ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಒಂದು ಬೋಗುಣಿ, ಚೀಲದಲ್ಲಿ ಪ್ಲಾಸ್ಟರು. ಅವನು ಅಚ್ಚು ತೆಗೆಯುವುದನ್ನು ಕಲಿಯುತ್ತಿದ್ದಾನೆ. ಕಟ್ಟೆಯ ಮೇಲೆ ಅದುವರೆಗಿನ ಕೆಲಸ ಸಾಲಾಗಿತ್ತು: ಹಿಡಿ ಇಲ್ಲದ ಚಮಚ, ಬೆಕ್ಕೋ ಮೊಲವೋ ಹೇಳಲಾಗದ ಒಂದು ಪ್ರಾಣಿ, ಆರು ಬೆರಳಿನಂತೆ ಕಾಣುವ ಒಂದು ಕೈ. "ಬೇಗ ಗಟ್ಟಿ ಆಗಲ್ಲ ಮೇಷ್ಟ್ರೇ. ನೀರು ಹೆಚ್ಚಾಗ್ತಿದೆಯೋ ಕಡಿಮೆ ಆಗ್ತಿದೆಯೋ ತಿಳೀತಿಲ್ಲ."

"ನಿಮ್ಮ ಷಡ್ಡಕನನ್ನು ಕೇಳಬಾರದೇ?"

"ಅವನನ್ನ ಕೇಳೋದಾದ್ರೆ ನಾನ್ಯಾಕೆ ಕಲೀಬೇಕು?"

ಹೆಂಡತಿ ಮಣೆಯ ಮೇಲೆ ಕೂತು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಬೋಗುಣಿಯಲ್ಲಿ ಅದ್ದಿಕೊಂಡಿದ್ದಳು. "ಮೂಗು ತುರಿಸ್ತಿದೆ ಕಣ್ರೀ" ಎಂದಳು. ಅವನ ಕೈಯೂ ಪ್ಲಾಸ್ಟರಿನಿಂದ ತುಂಬಿತ್ತು. ಮೊಣಕೈ ಬಾಗಿಸಿ, ಅಂಗಿಯ ತೋಳಿನಿಂದ, ಎಲ್ಲಿ ಎಂದು ಕೇಳುತ್ತ ಅವಳ ಮೂಗನ್ನು ತುರಿಸತೊಡಗಿದ.